ನೋವು ನಿಂತ ಹಲ್ಲು

ಕಳೆದ ಸುಗ್ಗಿಯ ಕಾಲದಲ್ಲಿ ನಾವು ಒಂದು ಹಳ್ಳಿಗೆ ಹೋಗಿದ್ದಾಗ ಅಲ್ಲಿಯ ಒಬ್ಬ ರೈತನು ನಮಗೆ ಒಂದು ಪ್ರಶ್ನೆ ಹಾಕಿದನು. ನಿಂತ ನಿಲುವಿನಲ್ಲಿ ಅದಕ್ಕೆ ಉತ್ತರ ಹೇಳಿ ಮುಗಿಸುವದು ನಮ್ಮಿಂದಾಗಲಿಲ್ಲ. ಆದಕಾರಣ ಈ ತಿಂಗಳಿನ ಪಾಠವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಸಂಗತಿ ಏನಂದರೆ, ಅವನ ಹನ್ನೊಂದು ವರುಷದ ಮಗನಿಗೆ ಬಿತ್ತನೆಯ ದಿವಸಗಳಲ್ಲಿ ಕೆಳದವಡೆಯ ಒಂದು ಹಲ್ಲು ನೋಯಲಾರಂಭಿಸಿತು. ನಾಲ್ಕು ರಾತ್ರಿ ಹುಡುಗನೂ ನಿದ್ದೆ ಮಾಡಲಿಲ್ಲ, ಮನೆಯವರೂ ನಿದ್ದೆ ಮಾಡಲಿಲ್ಲ. ತಾಯಿಯು ಲವಂಗ ಇಟ್ಟಳು, ಅಜ್ಜಿಯು ಕೆನ್ನೆಗೆ ಉಪ್ಪಿನ ಶಾಖ ಕೊಟ್ಟಳು. ಸೋಮವಾರ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುವದೆಂದು ತಂದೆಯು ಹಣವನ್ನು ತೆಗೆದಿಟ್ಟನು. ಆದರೆ ಆದಿತ್ಯವಾರ ಬೆಳಿಗ್ಗೆ ನೋವು ತಾನಾಗಿಯೇ ನಿಂತುಹೋಯಿತು. ಹುಡುಗನು ಗಂಜಿ ಕುಡಿದು ಆಡಲಿಕ್ಕೆ ಓಡಿದನು. ತೆಗೆದಿಟ್ಟ ಹಣವು ಗೊಬ್ಬರಕ್ಕೆ ಹೋಯಿತು. ಮೂರು ತಿಂಗಳ ತರುವಾಯ ಒಂದು ಸಂಜೆ ಹುಡುಗನ ದವಡೆಯ ಕೆಳಗೆ ಬಾವು ಕಾಣಿಸಿತು. ಮಾರನೆಯ ದಿವಸ ಜ್ವರ ಬಂತು. ರಾತ್ರಿಯಾಗುವಷ್ಟರಲ್ಲಿ ಬಾವು ಗಂಟಲಿನ ತನಕ ಗಟ್ಟಿಯಾಗಿ ಹಬ್ಬಿ, ನಾಲಿಗೆಯು ಮೇಲಕ್ಕೆದ್ದು, ಅವನು ತನ್ನ ಉಗುಳನ್ನು ನುಂಗಲಾರದೆ ಹೋದನು. ಜಿಲ್ಲಾ ಆಸ್ಪತ್ರೆಯಲ್ಲಿ ಗದ್ದದ ಕೆಳಗೆ ಕೊಯ್ದು ಕೀವನ್ನು ಹೊರಡಿಸಿದರು, ಆ ಹಲ್ಲನ್ನು ಕಿತ್ತರು, ಒಂಬತ್ತು ದಿವಸ ಅಲ್ಲೇ ಇಟ್ಟುಕೊಂಡರು. ಬೆಳಗಾಗುವ ತನಕ ಕಾದಿದ್ದರೆ ಉಸಿರು ಕಟ್ಟುತ್ತಿತ್ತೆಂದು ವೈದ್ಯರು ಹೇಳಿದರಂತೆ. ಹುಡುಗನು ಉಳಿದನು.

ತಂದೆಯ ಪ್ರಶ್ನೆ ಇದು: “ಅಯ್ಯನವರೇ, ನೋವು ಇದ್ದಾಗ ನಾವು ಸುಮ್ಮನೆ ಕೂತಿರಲಿಲ್ಲ. ನೋವು ನಿಂತ ಮೇಲೆ ಮೂರು ತಿಂಗಳು ಹುಡುಗ ಉಂಡುಕೊಂಡು ಆಡಿಕೊಂಡು ಇದ್ದ. ಇಲ್ಲದ ನೋವಿನಿಂದ ಇಂಥಾ ರೋಗ ಎಲ್ಲಿಂದ ಬಂತು?”

ಇದಕ್ಕೆ ಉತ್ತರ ತಿಳಿಯಬೇಕಾದರೆ ಹಲ್ಲಿನ ಒಳಗೆ ಏನಿದೆ ಎಂಬದನ್ನು ಮೊದಲು ನೋಡಬೇಕು. ಹಲ್ಲು ಕಲ್ಲಿನ ಚೂರಲ್ಲ. ಅದು ತೆಂಗಿನಕಾಯಿಯ ಹಾಗೆ ಪದರಪದರವಾಗಿದೆ. ಹೊರಗಿನ ಬಿಳಿಯ ಹೊದಿಕೆಗೆ ಎನಾಮೆಲ್ ಎಂದು ಹೆಸರು. ನಮ್ಮ ಶರೀರದಲ್ಲೆಲ್ಲಾ ಅತಿ ಗಟ್ಟಿಯಾದ ವಸ್ತು ಅದೇ. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಆದದರಿಂದ ಅದು ಸವೆದರೂ ತೂತು ಬಿದ್ದರೂ ನಮಗೆ ತಿಳಿಯುವದಿಲ್ಲ, ಒಮ್ಮೆ ಹೋದದ್ದು ಎಲುಬಿನಂತೆ ತಿರಿಗಿ ಬೆಳೆದು ಕೂಡಿಕೊಳ್ಳುವದೂ ಇಲ್ಲ. ಅದರ ಕೆಳಗೆ ತುಸು ಹಳದಿಯಾದ, ತುಸು ಮೆತ್ತಗಿನ ಪದರವಿದೆ. ಈ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕೊಳವೆಗಳು ಸಾವಿರಾರು ಇದ್ದು, ತಣ್ಣೀರಿನ ಚಳುಕನ್ನು ಒಳಕ್ಕೆ ಮುಟ್ಟಿಸುವವು. ಎಲ್ಲಕ್ಕಿಂತ ಒಳಗೆ ಹಲ್ಲಿನ ತಿರುಳು. ಅಲ್ಲಿ ರಕ್ತನಾಳಗಳೂ ನರವೂ ಇವೆ. ಅವು ಬೇರಿನ ತುದಿಯಲ್ಲಿರುವ ಬಹು ಚಿಕ್ಕ ರಂಧ್ರದಿಂದ ದವಡೆಯ ಎಲುಬಿನೊಳಗಿಂದ ಹಲ್ಲಿಗೆ ಪ್ರವೇಶಿಸುತ್ತವೆ.

ಹುಳುಕು ಮೊದಲು ಹತ್ತುವದು ಎನಾಮೆಲಿಗೆ. ಆಗ ನೋವಿಲ್ಲ. ಸುಣ್ಣದ ಚುಕ್ಕೆಯಂಥ ಬಿಳುಪೋ ಕಪ್ಪು ಗೆರೆಯೋ ಕಾಣುವದು, ಅಷ್ಟೇ. ಎರಡನೆಯ ಪದರಕ್ಕೆ ಇಳಿದಾಗ ಸಿಹಿಗೂ ತಣ್ಣೀರಿಗೂ ಹಲ್ಲು ಜುಮ್ಮೆನ್ನುವದು, ಬಾಯಿ ಮುಕ್ಕಳಿಸಿದರೆ ಹೋಗಿಬಿಡುವದು. ತಿರುಳಿನ ಸಮೀಪಕ್ಕೆ ಬಂದಾಗ ಬಿಸಿ ಚಹಾ ಕುಡಿದರೆ ನೋವು ಎದ್ದು, ಕುಡಿದು ಮುಗಿದ ಮೇಲೂ ಬಹಳ ಹೊತ್ತು ನಿಲ್ಲುವದು. ರಾತ್ರಿ ಮಲಗಿದರೆ ಇಮ್ಮಡಿಯಾಗುವದು. ಯಾಕಂದರೆ ಕಾಲಿಗೆ ಮುಳ್ಳು ನಟ್ಟು ಬಾತರೆ ಚರ್ಮವು ಹಿಗ್ಗಿ ಜಾಗ ಕೊಡುತ್ತದೆ. ಹಲ್ಲಿನ ಒಳಗೆ ತಿರುಳು ಬಾತರೆ ಹಿಗ್ಗುವದಕ್ಕೆ ಸ್ಥಳವೇ ಇಲ್ಲ, ನಾಲ್ಕು ಕಡೆಗೂ ಗೋಡೆ. ತಲೆ ತಗ್ಗಿಸಿ ಮಲಗಿದಾಗ ಅಲ್ಲಿ ರಕ್ತದ ಒತ್ತಡವು ಮತ್ತೂ ಹೆಚ್ಚುವದರಿಂದ ನೋವು ಸಹಿಸಲಾಗದಂತಾಗುತ್ತದೆ. ನಮ್ಮ ರೈತನ ಮಗನು ಆ ನಾಲ್ಕು ರಾತ್ರಿ ಅನುಭವಿಸಿದ್ದು ಇದನ್ನೇ.

ಐದನೆಯ ದಿವಸ ಏನಾಯಿತು? ಒತ್ತಡದಿಂದ ರಕ್ತದ ಓಟವು ನಿಂತು ತಿರುಳು ಸತ್ತುಹೋಯಿತು. ಅದರೊಂದಿಗೆ ನರವೂ ಸತ್ತಿತು. ನೋವನ್ನು ಹೇಳುವವನು ಇಲ್ಲದೆ ಹೋದದರಿಂದ ಮನೆಯವರಿಗೆ ಸುದ್ದಿ ಬರಲಿಲ್ಲ. ರಾತ್ರಿ ಕಳ್ಳರು ನುಗ್ಗಿದ ಮನೆಯಲ್ಲಿ ಬೊಗಳುತ್ತಿದ್ದ ನಾಯಿ ತಟ್ಟನೆ ಸುಮ್ಮನಾದರೆ ಕಳ್ಳರು ಹೋದರೆಂದು ತಿರಿಗಿ ಮಲಗುವವರುಂಟೋ? ಸತ್ತ ತಿರುಳಿನಲ್ಲಿ ರೋಗಾಣುಗಳು ನಿರಾತಂಕವಾಗಿ ಬೆಳೆದು, ಬೇರಿನ ತುದಿಯ ಆ ಚಿಕ್ಕ ರಂಧ್ರದಿಂದ ಎಲುಬಿನೊಳಕ್ಕೆ ಇಳಿಯುತ್ತವೆ. ಕೆಲವರಲ್ಲಿ ಒಸಡಿನ ಮೇಲೆ ಅವರೆಕಾಳಿನಷ್ಟು ಕುರು ಎದ್ದು, ಒಡೆದು, ಬಾಯಿಗೆ ಉಪ್ಪುಪ್ಪಾದ ಕೀವು ಬಂದು, ಮುಚ್ಚಿ, ಮತ್ತೆ ಏಳುತ್ತದೆ. ಅದು ನೋಯುವದಿಲ್ಲವಾದದರಿಂದ ಉಗುರಿನಿಂದ ಒತ್ತಿಬಿಟ್ಟು ವರುಷಗಟ್ಟಲೆ ಇಟ್ಟುಕೊಂಡವರನ್ನು ನಾವು ಬಲ್ಲೆವು. ಕೆಲವರಲ್ಲಿ ಕೀವಿಗೆ ಹೀಗೆ ಬಾಗಿಲು ಸಿಕ್ಕುವದಿಲ್ಲ. ಆಗ ಕೆಳದವಡೆಯ ಹಿಂದಿನ ಹಲ್ಲುಗಳದ್ದು ನಾಲಿಗೆಯ ಕೆಳಕ್ಕೂ ಗಂಟಲಿಗೂ ಇಳಿಯುತ್ತದೆ. ಮೇಲ್ದವಡೆಯದು ಕೆನ್ನೆಗೂ ಕಣ್ಣಿನ ಕೆಳಗೂ ಏರುತ್ತದೆ. ಗಂಟಲಿಗೆ ಇಳಿಯುವ ಈ ಬಾವನ್ನು ಜರ್ಮನ್ ದೇಶದ ಲುಡ್ವಿಗ್ ಎಂಬ ವೈದ್ಯನು 1836ರಲ್ಲಿ ವಿವರಿಸಿ ಬರೆದನು. ಇಂದಿಗೂ ಅದಕ್ಕೆ ಅವನ ಹೆಸರೇ ಇದೆ. ಆ ಕಾಲದಲ್ಲಿ ಅದು ಹತ್ತಿದವರಲ್ಲಿ ಬದುಕುವವರು ಕಡಿಮೆ.

ಇನ್ನು ಈ ಕೆಡುಕು ಹಲ್ಲಿಗೆ ಎಲ್ಲಿಂದ ಬರುತ್ತದೆ? ಹುಳುಕು ಎಂಬ ಮಾತೇ ಹುಳವು ಕೊರೆಯಿತೆಂದು ಹೇಳುತ್ತದೆ. ಜಾತ್ರೆಗಳಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಹೊಗೆಯನ್ನು ಬಾಯಿಗೆ ಹಿಡಿಸಿ, ನೀರಿನ ಬಟ್ಟಲಲ್ಲಿ ಬಿದ್ದ ಬಿಳಿಯ ಎಳೆಗಳನ್ನು ತೋರಿಸಿ, ಇಗೋ ಹುಳ ಬಿದ್ದಿತೆನ್ನುವವರು ಉಂಟು. ಅವು ಶಾಖಕ್ಕೆ ಬೀಜ ಸಿಡಿದು ಹೊರಬಿದ್ದ ಮೊಳಕೆಗಳು. ಹಲ್ಲಿಲ್ಲದ ಮುದುಕನಿಗೆ ಹೊಗೆ ಹಾಕಿದರೂ ಬೀಳುವವು. ನಮ್ಮವರು ಮಾತ್ರ ಮೋಸಹೋದರೆಂದು ನಾಚಿಕೆಪಡಬೇಕಾಗಿಲ್ಲ, ಯುರೋಪಿನಲ್ಲಿಯೂ ಇದೇ ಆಟ ಬೇರೆ ಬೀಜದಿಂದ ನಡೆಯುತ್ತಿತ್ತು. ಫ್ರಾನ್ಸ್ ದೇಶದ ಫೋಶಾರ್ ಎಂಬ ದಂತವೈದ್ಯನು 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಾನು ಎಷ್ಟು ಹುಡುಕಿದರೂ ಹುಳುಕು ಹಲ್ಲಿನಲ್ಲಿ ಹುಳವನ್ನು ಕಾಣಲಿಲ್ಲವೆಂದು ಹೇಳಿದನು. ಅದಕ್ಕೂ ಮುಂಚೆ 1683ರಲ್ಲಿ ಹಾಲೆಂಡಿನ ಲ್ಯೂವೆನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿಯು ತನ್ನ ಹಲ್ಲಿನ ಮೇಲಿನ ಬಿಳಿಯ ಲೋಳೆಯನ್ನು ಕೆರೆದು ತಾನೇ ಮಾಡಿದ ಭೂತಗನ್ನಡಿಯಲ್ಲಿ ನೋಡಿ, ಅದರಲ್ಲಿ ಅಸಂಖ್ಯವಾದ ಸಣ್ಣ ಜೀವಿಗಳು ಚಲಿಸುವದನ್ನು ಕಂಡಿದ್ದನು. ಅವುಗಳ ಕೆಲಸವೇನೆಂದು ಬರ್ಲಿನ್ ಪಟ್ಟಣದಲ್ಲಿದ್ದ ಅಮೇರಿಕದ ಮಿಲ್ಲರ್ ಎಂಬವನು 1890ರಲ್ಲಿ ತನ್ನ ಪುಸ್ತಕದಲ್ಲಿ ತೋರಿಸಿದನು. ಆ ಜೀವಿಗಳು ನಾವು ತಿಂದ ಸಕ್ಕರೆಯನ್ನೂ ಹಿಟ್ಟಿನ ಅಂಶವನ್ನೂ ಹುಳಿ ಮಾಡುತ್ತವೆ, ಆ ಹುಳಿಯು ಎನಾಮೆಲನ್ನು ಕರಗಿಸುತ್ತದೆ. ತಾಮ್ರದ ಪಾತ್ರೆಯನ್ನು ಹುಣಿಸೇಹಣ್ಣು ಏನು ಮಾಡುತ್ತದೆಂದು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ನಮ್ಮ ಉಗುಳು ಈ ಹುಳಿಯನ್ನು ತೊಳೆದು ತಣಿಸುತ್ತದೆ. ಆದರೆ ಅದಕ್ಕೆ ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಬೇಕು. ಹೀಗಿರುವದರಿಂದ ಎಷ್ಟು ಸಿಹಿ ತಿಂದಿರೆಂಬದಕ್ಕಿಂತ ಎಷ್ಟು ಸಾರಿ ತಿಂದಿರೆಂಬದೇ ಮುಖ್ಯ. ಸ್ವೀಡನ್ ದೇಶದ ವಿಪೆಹೋಲ್ಮ್ ಎಂಬಲ್ಲಿಯ ಆಸ್ಪತ್ರೆಯಲ್ಲಿ 1945ರಿಂದ ಕೆಲವು ವರುಷ ಇದನ್ನು ಪರೀಕ್ಷಿಸಿದರು. ಊಟದ ಸಂಗಡಲೇ ಸಕ್ಕರೆ ತಿಂದವರ ಹಲ್ಲು ಸ್ವಲ್ಪವೇ ಕೆಟ್ಟಿತು. ಊಟಗಳ ನಡುನಡುವೆ ಅಂಟುವ ಮಿಠಾಯಿ ತಿಂದವರ ಹಲ್ಲು ಬಹಳವಾಗಿ ಕೆಟ್ಟಿತು. (ಆ ಮಿಠಾಯಿಯನ್ನು ತಿನ್ನಿಸಿದ್ದು ಬುದ್ಧಿಮಾಂದ್ಯರಾದ ರೋಗಿಗಳಿಗೆ, ಅವರನ್ನು ಕೇಳದೆ. ಇಂದು ನಮಗೆಲ್ಲರಿಗೂ ಪ್ರಯೋಜನವಾಗಿರುವ ತಿಳುವಳಿಕೆಯು ಅಂಥವರ ನೋವಿನಿಂದ ಬಂದದ್ದೆಂಬದನ್ನು ನಾವು ಮರೆಯಲಾರೆವು.) ಬೆಲ್ಲವು ಸಕ್ಕರೆಯಂತೆ ಕೆಡುಕು ಮಾಡದೆಂಬ ನಂಬಿಕೆಯೂ ಸರಿಯಲ್ಲ. ಹಾಲಿನ ಬಾಟ್ಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸುವದು ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದರೆ ನಿದ್ದೆಯಲ್ಲಿ ಉಗುಳು ಸುರಿಯುವದು ಕಡಿಮೆ. ಆದಿತ್ಯವಾರದ ಶಾಲೆಯಲ್ಲಿ ವಾಕ್ಯ ಒಪ್ಪಿಸಿದ ಮಕ್ಕಳಿಗೆ ಪೆಪ್ಪರಮೆಂಟು ಹಂಚುವ ವಾಡಿಕೆ ನಮ್ಮಲ್ಲಿದೆ; ಈ ತಪ್ಪಿನಲ್ಲಿ ನಾವೂ ಪಾಲುಗಾರರು. ಒಂದು ಹಿಡಿ ಹುರಿದ ಶೇಂಗಾ ಕೊಟ್ಟರೆ ಮಕ್ಕಳು ಬೇಡವೆನ್ನುವದಿಲ್ಲ.

ಇಲ್ಲಿ ತಾಯಂದಿರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಮಕ್ಕಳಿಗೆ ಹಾಲುಹಲ್ಲು ಇಪ್ಪತ್ತು. ಎರಡೂವರೆ ಮೂರು ವರುಷಕ್ಕೆ ಅವೆಲ್ಲಾ ಬಂದಿರುತ್ತವೆ. ಬಿದ್ದುಹೋಗುವ ಹಲ್ಲಿಗೆ ಆರೈಕೆ ಯಾಕೆಂದು ಹಲವರು ಕೇಳುತ್ತಾರೆ. ಹಾಲುಹಲ್ಲಿನ ಕೀವು ಅದರ ಕೆಳಗೆ ಬೆಳೆಯುತ್ತಿರುವ ಹಲ್ಲನ್ನು ಕೆಡಿಸಬಲ್ಲದು. ಅದು ಕಾಲಕ್ಕೆ ಮುಂಚೆ ಹೋದರೆ ಪಕ್ಕದ ಹಲ್ಲುಗಳು ವಾಲಿ, ಬರುವದಕ್ಕೆ ದಾರಿ ಇಲ್ಲದೆ ಹೊಸ ಹಲ್ಲು ಸೊಟ್ಟಗೆ ಏಳುವದು. ಆದರೆ ನಾವು ಬಿಡಿಸಿ ಹೇಳಬೇಕೆಂದಿರುವದು ಮತ್ತೊಂದು. ಮಗುವಿಗೆ ಸುಮಾರು ಆರು ವರುಷವಾದಾಗ, ಯಾವ ಹಾಲುಹಲ್ಲೂ ಬೀಳದೆ, ಎಲ್ಲಾ ಹಲ್ಲುಗಳ ಹಿಂದೆ, ಮೇಲೆ ಎರಡು ಕೆಳಗೆ ಎರಡು ದೊಡ್ಡ ದವಡೆಹಲ್ಲುಗಳು ಹುಟ್ಟುತ್ತವೆ. ಏನೂ ಬಿದ್ದಿಲ್ಲವಾದದರಿಂದ ಇವೂ ಹಾಲುಹಲ್ಲುಗಳೇ ಎಂದು ತಾಯಿಯು ಎಣಿಸುತ್ತಾಳೆ. ಅಲ್ಲ, ಅವು ಜೀವಮಾನಕ್ಕೆಲ್ಲಾ ಅವೇ. ಅವುಗಳ ಮೇಲ್ಮೈಯಲ್ಲಿ ಆಳವಾದ ಗೆರೆಗಳಿರುವದರಿಂದ ಹುಳುಕು ಮೊದಲು ಅಲ್ಲಿಯೇ ಹತ್ತುತ್ತದೆ. ಆ ರೈತನ ಮಗನಿಗೆ ಹೋದ ಹಲ್ಲು ಇದೇ. “ಬಿದ್ದು ಬೇರೆ ಬರುತ್ತದೆ ಅಂದುಕೊಂಡೆವು” ಎಂದು ಅವನ ತಾಯಿ ನಮಗೆ ಹೇಳಿದಳು. ನಿಮ್ಮ ಮನೆಯಲ್ಲಿ ಆರರಿಂದ ಎಂಟು ವರುಷದ ಮಗು ಇದ್ದರೆ ಅದನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಿ, ಬಾಯಿ ತೆರೆಸಿ, ಕಡೆಯ ಹಲ್ಲುಗಳನ್ನು ಇಂದೇ ನೋಡಿರಿ.

ಹಲ್ಲುಜ್ಜುವ ವಿಷಯದಲ್ಲಿ ಎಲ್ಲರಿಗೂ ಬೆಳಗಿನ ವಾಡಿಕೆ ಇದೆ, ರಾತ್ರಿಯದು ಇಲ್ಲ. ಎರಡರಲ್ಲಿ ಹೆಚ್ಚು ಬೇಕಾದದ್ದು ರಾತ್ರಿಯದೇ. ಬೇವಿನ ಕಡ್ಡಿಯನ್ನು ನಾವು ಹಳಿಯುವದಿಲ್ಲ. ತುದಿಯನ್ನು ಕುಂಚದಂತೆ ಜಗಿದು ಒಳಬದಿಗೂ ಹಿಂಬದಿಗೂ ಮುಟ್ಟಿಸಿದರೆ ಅದು ಕೊಳೆಯನ್ನು ತೆಗೆಯುವದು, ಆದರೆ ಹೆಚ್ಚಿನವರು ಮುಂದಿನ ಹಲ್ಲುಗಳನ್ನು ತಿಕ್ಕಿ ಕಡ್ಡಿಯನ್ನು ಎಸೆಯುತ್ತಾರೆ. ಇಟ್ಟಿಗೆಪುಡಿ, ಮರಳು, ಇದ್ದಲು ಇವು ಹಲ್ಲನ್ನು ಬೆಳ್ಳಗೆ ಮಾಡುವಂತೆ ತೋರಿದರೂ ಎನಾಮೆಲನ್ನೇ ಉಜ್ಜಿ ಸವೆಯಿಸುತ್ತವೆ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಮಾಡುವದನ್ನೂ ಮಾರುವದನ್ನೂ ಸರಕಾರವು 1992ರಲ್ಲಿ ನಿಷೇಧಿಸಿತು. ಮನೆಯಲ್ಲೇ ಸುಟ್ಟು ಪುಡಿಮಾಡಿ ಒಸಡಿಗೆ ತಿಕ್ಕುವ ಅಜ್ಜಿಯರಿಗೆ ಆ ಕಾಯಿದೆ ತಲಪಿಲ್ಲ. ಮೆತ್ತಗಿನ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು, ಎರಡು ನಿಮಿಷ, ಇಷ್ಟು ಸಾಕು. ಫ್ಲೋರೈಡ್ ಎಂಬ ಲವಣವು ಆಗತಾನೆ ಕರಗಲಾರಂಭಿಸಿದ ಎನಾಮೆಲನ್ನು ತಿರಿಗಿ ಗಟ್ಟಿ ಮಾಡುವದು. ಆದದರಿಂದ ಉಜ್ಜಿದ ಮೇಲೆ ಉಗುಳಿರಿ. ಚೆಂಬುಗಟ್ಟಲೆ ನೀರಿನಿಂದ ಮುಕ್ಕಳಿಸಿ ಅದನ್ನು ಕಳೆಯಬೇಡಿರಿ. ಮೂರು ವರುಷದ ಒಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಪೇಸ್ಟು ಸಾಕು, ಮತ್ತು ಉಜ್ಜುವಾಗ ದೊಡ್ಡವರು ಹತ್ತಿರವಿರಬೇಕು.

ಇದೇ ಫ್ಲೋರೈಡ್ ಕುಡಿಯುವ ನೀರಿನಲ್ಲಿ ಮಿತಿಮೀರಿದರೆ ಹಾನಿಯೇ. ಕೋಲಾರ, ಚಿತ್ರದುರ್ಗ, ಪಾವಗಡ, ಮುಂಡರಗಿ ಸೀಮೆಗಳ ಕೆಲವು ಊರುಗಳಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ನೋಡುತ್ತೇವೆ. ಒಂದು ಲೀಟರಿಗೆ 1 ಮಿಲಿಗ್ರಾಂ ತನಕ ಒಳ್ಳೆಯದು, ಬೇರೆ ನೀರು ಸಿಕ್ಕದಿದ್ದಲ್ಲಿ 1.5 ಕಡೆಯ ಮೇರೆ ಎಂದು ನಮ್ಮ ದೇಶದ ನಿಯಮ. ಈ ಕಲೆಗಳು ಕೊಳೆಯಲ್ಲ, ಉಜ್ಜಿದರೆ ಹೋಗುವದಿಲ್ಲ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವದಿಲ್ಲ. ಎಳೆಯ ಮಕ್ಕಳಿಗೆ ಮಳೆಯ ನೀರನ್ನಾಗಲಿ ಶುದ್ಧೀಕರಣದ ಘಟಕದ ನೀರನ್ನಾಗಲಿ ಕೊಡತಕ್ಕದ್ದು.

ಉಜ್ಜುವಾಗ ಒಸಡಿನಿಂದ ರಕ್ತ ಬಂದರೆ ಜನರು ಆ ಸ್ಥಳವನ್ನು ಮುಟ್ಟದೆ ಬಿಡುತ್ತಾರೆ. ಮಾಡತಕ್ಕದ್ದು ಇದಕ್ಕೆ ವಿರುದ್ಧ. ಅಲ್ಲಿ ಕೊಳೆ ನಿಂತದರಿಂದಲೇ ರಕ್ತ ಬರುವದು. ಮೆಲ್ಲಗೆ, ಬಿಡದೆ ಉಜ್ಜಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನಿಲ್ಲುವದು. ನಿಲ್ಲದಿದ್ದರೆ ಕಿಟ್ಟ ಕಟ್ಟಿದೆಯೆಂದು ತಿಳಿದು ವೈದ್ಯರಲ್ಲಿ ತೆಗೆಸಬೇಕು. ಕಿಟ್ಟ ತೆಗೆಸಿದರೆ ಹಲ್ಲು ಅಲುಗಾಡುವದೆಂಬದು ತಪ್ಪು. ಅಲುಗಾಡುವ ಹಲ್ಲನ್ನು ಕಿಟ್ಟವು ಅಂಟಿನಂತೆ ಹಿಡಿದುಕೊಂಡಿರುವದರಿಂದ ಹಾಗೆ ತೋರುತ್ತದೆ, ಅಷ್ಟೇ. ಸಿಹಿಮೂತ್ರ ರೋಗವಿದ್ದವರ ಒಸಡು ಬೇಗ ಕೆಡುವದು. ಒಸಡು ಕೆಟ್ಟರೆ ಆ ರೋಗವನ್ನು ಹತೋಟಿಯಲ್ಲಿಡುವದೂ ಕಷ್ಟವಾಗುವದು.

ಎಲೆಅಡಿಕೆಯ ಮಾತು ಬಂದರೆ ಹಿರಿಯರಿಗೆ ಮುನಿಸು ಬರುವದುಂಟು. ಆದರೂ ಹೇಳುತ್ತೇವೆ: ಹೊಗೆಸೊಪ್ಪು ಮಾತ್ರವಲ್ಲ, ಬರೀ ಅಡಿಕೆಯೂ ಅರ್ಬುದ ರೋಗಕ್ಕೆ ಕಾರಣವೆಂದು ಜಾಗತಿಕ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಬಾಯೊಳಗೆ ಒರಸಿದರೂ ಹೋಗದ ಬಿಳಿಯ ಅಥವಾ ಕೆಂಪು ಕಲೆ, ಮೂರು ವಾರಕ್ಕೂ ಮಾಯದ ಹುಣ್ಣು, ಖಾರ ತಾಗದ ಬಾಯಿ, ತನ್ನ ಮೂರು ಬೆರಳುಗಳನ್ನು ಒಟ್ಟಿಗೆ ಇಡುವಷ್ಟು ತೆರೆಯಲಾರದ ಬಾಯಿ, ಇವುಗಳಲ್ಲಿ ಒಂದಿದ್ದರೂ ತಡಮಾಡಕೂಡದು. ಇವೂ ಮೊದಲಿಗೆ ನೋಯುವದಿಲ್ಲ.

ಇನ್ನು ನೋವು ಬಂದೇ ಬಂದಿತು, ಆಸ್ಪತ್ರೆ ದೂರ, ರಾತ್ರಿಯಾಗಿದೆ, ಆಗ ಏನು ಮಾಡುವದು? ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿರಿ. ಹಲ್ಲಿನ ಸಂದಿಯಲ್ಲಿ ಅನ್ನದ ಅಗುಳು ಸಿಕ್ಕಿದ್ದರೆ ದಾರದಿಂದ ತೆಗೆಯಿರಿ. ಪಿನ್ನು ಸೂಜಿಗಳನ್ನು ಹಾಕಬೇಡಿರಿ. ತಲೆಗೆ ಎರಡು ದಿಂಬು ಇಟ್ಟು ಎತ್ತರವಾಗಿ ಮಲಗಿರಿ. ದೊಡ್ಡವರು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆಯೊಂದನ್ನು ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ಮಕ್ಕಳಿಗೆ ಅವರ ತೂಕಕ್ಕೆ ತಕ್ಕಂತೆ ಕೇಳಿ ಕೊಡಬೇಕು. ಲವಂಗದ ಎಣ್ಣೆಯನ್ನು ಹತ್ತಿಯ ಚೂರಿಗೆ ತಾಗಿಸಿ ತೂತಿನಲ್ಲಿ ಮಾತ್ರ ಇಡಬಹುದು. ಒಸಡಿಗೆ ಸುರಿದರೆ ಸುಡುವದು. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕದಲ್ಲಿ ಅದುಮಿಡುವವರ ಒಸಡು ಬೆಂದು ಬೆಳ್ಳಗಾದದ್ದನ್ನು ನಾವು ನೋಡಿದ್ದೇವೆ. ಸೀಮೆಎಣ್ಣೆ, ಹೊಗೆಸೊಪ್ಪು, ಸಾರಾಯಿ ಇವು ಬೇಡ. ಬಾವು ಬಂದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಲೇಕೂಡದು. ಅಂಗಡಿಯಲ್ಲಿ ಕೇಳಿ ತಂದ ನಾಲ್ಕು ಕ್ಯಾಪ್ಸೂಲುಗಳಿಂದ ಬಾವು ಇಳಿದರೂ ಸತ್ತ ತಿರುಳು ಹಲ್ಲಿನೊಳಗೇ ಇರುವದು; ಅದನ್ನು ತೆಗೆದು ಬೇರಿನ ನಾಳವನ್ನು ತುಂಬಿಸುವದು, ಇಲ್ಲವೆ ಹಲ್ಲನ್ನೇ ಕೀಳಿಸುವದು, ಈ ಎರಡರ ಹೊರತು ಮೂರನೆಯ ದಾರಿ ಇಲ್ಲ. ಜ್ವರದೊಂದಿಗೆ ಬಾವು, ಬಾಯಿ ತೆರೆಯಲಾಗದಿರುವದು, ನುಂಗಲಾಗದಿರುವದು, ದವಡೆಯ ಕೆಳಗೆ ಗಟ್ಟಿಯಾದ ಊತ, ಕಣ್ಣು ಮುಚ್ಚಿಹೋಗುವಷ್ಟು ಊತ, ಇವುಗಳಲ್ಲಿ ಯಾವದು ಕಂಡರೂ ಅದೇ ರಾತ್ರಿ ಹೊರಡಿರಿ. 108ಕ್ಕೆ ಫೋನು ಮಾಡಿರಿ.

ಮೇಲ್ದವಡೆಯ ಹಲ್ಲು ಕೀಳಿಸಿದರೆ ಕಣ್ಣು ಹೋಗುವದೆಂಬ ಭಯದಿಂದ ಮನೆಯಲ್ಲೇ ಕೂತವರು ಬಹಳ. ಹಲ್ಲಿನ ನರ ಬೇರೆ, ನೋಡುವ ಕಣ್ಣಿನ ನರ ಬೇರೆ. ಕೀಳಿಸಿದ್ದರಿಂದಲ್ಲ, ಕೀಳಿಸದೆ ಬಿಟ್ಟ ಕೀವಿನಿಂದಲೇ ಕಣ್ಣಿಗೆ ಅಪಾಯ. ಕೀಳಿಸಿದ ಮೇಲೆ ಹತ್ತಿಯನ್ನು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿದ್ದು, ಆ ದಿವಸ ಉಗುಳದೆ, ಬಾಯಿ ಮುಕ್ಕಳಿಸದೆ, ಬಿಸಿಯಾದದ್ದನ್ನು ಕುಡಿಯದೆ, ಬೀಡಿ ಸೇದದೆ ಇರಬೇಕು. ಗರ್ಭಿಣಿಯರೂ ಹಲ್ಲಿನ ಚಿಕಿತ್ಸೆ ಮಾಡಿಸಿಕೊಳ್ಳಬಹುದು. ಎಷ್ಟು ತಿಂಗಳೆಂಬದನ್ನು ಮೊದಲೇ ಹೇಳಿದರೆ ಸಾಕು.

ಮಕ್ಕಳು ಮರದಿಂದಲೋ ಸೈಕಲಿನಿಂದಲೋ ಬಿದ್ದು ಮುಂದಿನ ಹಲ್ಲು ಬೇರುಸಹಿತ ಕಿತ್ತುಬಂದರೆ ಅದನ್ನು ಎಸೆಯಬೇಡಿರಿ. ಬೇರನ್ನು ಮುಟ್ಟದೆ ಮೇಲ್ಭಾಗವನ್ನು ಹಿಡಿದು, ಮಣ್ಣಿದ್ದರೆ ಹಾಲಿನಿಂದಲೋ ತಣ್ಣೀರಿನಿಂದಲೋ ಒಂದು ಕ್ಷಣ ತೊಳೆದು, ತಿಕ್ಕದೆ, ಇದ್ದ ಸ್ಥಳದಲ್ಲೇ ಕೂರಿಸಿ ಬಟ್ಟೆ ಕಚ್ಚಿಸಿ ಕರೆದುಕೊಂಡು ಹೋಗಿರಿ. ಅದಾಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಹೋಗಿರಿ. ಒಂದು ಗಂಟೆಯೊಳಗೆ ತಲಪಿದರೆ ಅದು ತಿರಿಗಿ ಹಿಡಿದುಕೊಳ್ಳುವ ನಿರೀಕ್ಷೆ ಉಂಟು. ಹಾಲುಹಲ್ಲನ್ನು ಮಾತ್ರ ಹೀಗೆ ತಿರಿಗಿ ಕೂರಿಸಕೂಡದು. ಕೆಳಗಿನ ಎಳೆಯ ಹಲ್ಲಿಗೆ ಪೆಟ್ಟಾಗುವದು.

ಆ ರೈತನಿಗೆ ಏಳು ವರುಷದ ಮಗಳೂ ಇದ್ದಾಳೆ. ನಾವು ಅಲ್ಲಿದ್ದ ದಿವಸವೇ ಅವಳನ್ನು ಜಗಲಿಯ ಮೇಲೆ ಕೂರಿಸಿ ಬಾಯಿ ನೋಡಿದೆವು. ಕೆಳಗಿನ ಬಲದ ಕಡೆಯ ಹಲ್ಲಿನಲ್ಲಿ ಸೂಜಿಯ ಮೊನೆಯಷ್ಟು ಕಪ್ಪಿತ್ತು. “ನೋಯುತ್ತದೋ ಮಗಾ?” ಎಂದು ತಂದೆಯು ಕೇಳಿದನು. ಇಲ್ಲವೆಂದು ಅವಳು ತಲೆಯಾಡಿಸಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾರನೆಯ ದಿವಸದ ಮೊದಲ ಬಸ್ಸು ಎಷ್ಟು ಗಂಟೆಗೆಂದು ಹೆಂಡತಿಯನ್ನು ಕೇಳಿದನು. ತಾಲೂಕು ಆಸ್ಪತ್ರೆಯಲ್ಲಿ ಒಂದೇ ಸಾರಿ ಕೂರಿಸಿ ತೂತನ್ನು ತುಂಬಿ ಕಳುಹಿಸಿದರಂತೆ; ಮಧ್ಯಾಹ್ನದ ಊಟಕ್ಕೆ ಅವರು ಮನೆಯಲ್ಲಿದ್ದರು.